ಸಿಟಿಯ ಸರಕಾರಿ ಶಾಲೆ ಯಾರ ಕೈಯಲ್ಲಿದೆ? ಎಸ್‌ಡಿಎಂಸಿ ಬಗ್ಗೆ ಕೇಳಿ

ಪ್ರಶ್ನೆ (ಮಂಗಳೂರಿನ ಒಬ್ಬ ತಾಯಿ): ನಮಸ್ಕಾರ ಮಾಷ್ಟ್ರೇ. ನನ್ನ ಇಬ್ಬರು ಮಕ್ಕಳು ಸಿಟಿಯೊಳಗಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗ್ತಾರೆ. ಮೊನ್ನೆ ಹೊಸ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಆಯ್ತು. ಬೆಳಗ್ಗೆ 11 ಗಂಟೆಗೆ ಮೀಟಿಂಗ್, ಬಂದವರು ಸ್ವಲ್ಪವೇ ಜನ, ಹೆಸರಿನ ಪಟ್ಟಿ ಮೊದಲೇ ರೆಡಿ ಇತ್ತು. ಓದಿದರು, ಸೈನ್ ಹಾಕಿ ಅಂದರು, ಮುಗೀತು. ಈಗ ಗ್ರೌಂಡಿನ ಒಂದು ಬದಿಯನ್ನು ಕಾರು ನಿಲ್ಲಿಸಲು ಬಿಟ್ಟುಕೊಡ್ತಾರಂತೆ. ಶಾಲೆಯಲ್ಲಿ ಕೇಳಿದರೆ ಕಾರ್ಪೊರೇಟರ್ ಹತ್ತಿರ ಹೋಗಿ ಅಂತಾರೆ, ಅಲ್ಲಿ ಹೋದರೆ ಅದು ಇಲಾಖೆಯ ಶಾಲೆ ಅಂತಾರೆ. ನಾವು ಯಾರನ್ನು ಹಿಡಿಯಬೇಕು?

ಉತ್ತರ (ನಿವೃತ್ತ ಶಿಕ್ಷಣ ಸಂಯೋಜಕರು): ಅಕ್ಕ, ಮೊದಲು ಶಾಲೆಯ ಬೋರ್ಡ್ ನೋಡಿ. ನಮ್ಮ ಸಿಟಿಯ ಎಷ್ಟೋ ಶಾಲೆಗಳ ಮೇಲೆ ಈಗಲೂ 'ದ.ಕ. ಜಿಲ್ಲಾ ಪಂಚಾಯತ್ ಹಿರಿಯ ಪ್ರಾಥಮಿಕ ಶಾಲೆ' ಅಂತಲೇ ಇದೆ. ಸಿಟಿಯಲ್ಲಿರುವ ನೀವು ಓಟು ಹಾಕುವುದು ಪಾಲಿಕೆಗೆ. ಜಿಲ್ಲಾ ಪಂಚಾಯತಿಗೆ ನಿಮಗೆ ಓಟೇ ಇಲ್ಲ! ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳ ಪಾಲಿಗೆ ಪ್ರಾಥಮಿಕ, ಪ್ರೌಢ ಶಾಲೆ ಅಂತ ನೇರವಾಗಿ ಬರೆದಿದೆ. ಪಟ್ಟಣಗಳ 12ನೇ ಅನುಸೂಚಿಯಲ್ಲಿ ಶಿಕ್ಷಣಕ್ಕೆ ಉತ್ತೇಜನ ಕೊಡುವುದು ಅನ್ನುವಷ್ಟೇ ಇದೆ. ಮುಂಬೈ ಪಾಲಿಕೆ ತಾನೇ ಶಾಲೆ ನಡೆಸುತ್ತದೆ, ನಮ್ಮಲ್ಲಿ ಹಾಗಿಲ್ಲ. ಟೀಚರ್ ನೇಮಕ, ವರ್ಗಾವಣೆ, ಸಂಬಳ ಎಲ್ಲ ಶಿಕ್ಷಣ ಇಲಾಖೆಯದ್ದು. ಮಂಗಳೂರಿಗೆ ಉತ್ತರ, ದಕ್ಷಿಣ ಅಂತ ಇಬ್ಬರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅವರ ಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು). ಇವರ್ಯಾರನ್ನೂ ನೀವು ಆರಿಸುವುದಿಲ್ಲ ಅಲ್ವಾ? ಶಾಲೆಯ ವಿಷಯದಲ್ಲಿ ಪಾಲಕರಿಗೆ ಇರುವ ಓಟು ಎಸ್‌ಡಿಎಂಸಿಯದ್ದೊಂದೇ. ಅದನ್ನೂ ಪಟ್ಟಿ ಓದಿ ಮುಗಿಸಿದರೆ ಉಳಿಯುವುದೇನು? ನನಗಂತೂ ಇದು ಸಹಿಸಲು ಆಗದ ವಿಷಯ.

ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ಹಿಂದುಳಿದ ಮತ್ತು ಬಡ ಮನೆಗಳ ಪಾಲಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ನಮ್ಮ ರಾಜ್ಯದಲ್ಲಂತೂ 2001ರಿಂದಲೇ ಎಸ್‌ಡಿಎಂಸಿ ಇದೆ. ಪಾಲಕರೆಲ್ಲ ಸೇರಿ ಸದಸ್ಯರನ್ನು ಆರಿಸಬೇಕು, ಅಧ್ಯಕ್ಷರೂ ಪಾಲಕರೇ ಆಗಬೇಕು. ಮುಖ್ಯ ಶಿಕ್ಷಕರು ಕಾರ್ಯದರ್ಶಿ. ವಾರ್ಡಿನ ಪ್ರತಿನಿಧಿ ಒಬ್ಬ ಸದಸ್ಯ, ಯಜಮಾನ ಅಲ್ಲ.

ಈಗ ನೀವು ಮಾಡಬೇಕಾದ್ದು: ಸಭೆಯ ನಿರ್ಣಯ ಬರೆಯುವ ನಡಾವಳಿ ಪುಸ್ತಕ ಕೇಳಿ. ಎಷ್ಟೋ ಕಡೆ ಮೊದಲು ಸೈನ್ ಹಾಕಿಸ್ತಾರೆ, ಮೇಲೆ ಅರ್ಧ ಪುಟ ಖಾಲಿ ಬಿಟ್ಟಿರ್ತಾರೆ, ನಿರ್ಣಯ ಆಮೇಲೆ ಬರೀತಾರೆ. ಹಾಗಾಗಿ ಬರೆದದ್ದನ್ನು ಓದಿ, ಕೊನೆ ಸಾಲಿನ ಕೆಳಗೆ ಗೆರೆ ಎಳೆದು, ಅದಕ್ಕೆ ತಾಗಿಯೇ ಸೈನ್ ಹಾಕಿ. ಒಪ್ಪಿಗೆ ಇಲ್ಲದಿದ್ದರೆ 'ನನ್ನ ವಿರೋಧವಿದೆ' ಅಂತ ನಿಮ್ಮ ಕೈಯಲ್ಲೇ ಬರೆಯಿರಿ. ಪುಸ್ತಕ ತೋರಿಸದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಆಯ್ಕೆ ಮತ್ತೆ ನಡೆಸಿ ಅಂತ ಒಂದಷ್ಟು ಪಾಲಕರ ಸಹಿ ಹಾಕಿ ಬಿಇಒ ಕಚೇರಿಗೆ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಗ್ರೌಂಡಿನ ಮಾತು: ಆಟದ ಮೈದಾನ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುವ ಸೌಕರ್ಯ. ಬಾಯಿಮಾತಲ್ಲಿ ಯಾರೂ ಬಿಟ್ಟುಕೊಡುವ ಹಾಗಿಲ್ಲ. ಯಾವ ಆದೇಶ, ಯಾರ ಸಹಿ ಅಂತ ಬರವಣಿಗೆಯಲ್ಲಿ ಕೇಳಿ, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಜಾಗ ಯಾರ ಹೆಸರಲ್ಲಿದೆ ನೋಡಿ.

ಪ್ರಶ್ನೆ (ಅದೇ ತಾಯಿ): ಮಾಷ್ಟ್ರೇ, ನಮ್ಮಲ್ಲಿ ಬಾಗಲಕೋಟೆ, ಕೊಪ್ಪಳ ಕಡೆಯಿಂದ ಬಂದ ಕೂಲಿಯವರ ಮಕ್ಕಳೇ ಜಾಸ್ತಿ. ಅವರು ಮೀಟಿಂಗಿಗೆ ಬರೋದೇ ಇಲ್ಲ ಅಂತ ಶಾಲೆಯವರು ದೂರ್ತಾರೆ.

ಉತ್ತರ: ಬೆಳಗ್ಗೆ 11ಕ್ಕೆ ಕರೆದರೆ ಹೇಗೆ ಬರ್ತಾರೆ? ಬಂದರೆ ಆ ದಿನದ ಕೂಲಿ ಹೋಯ್ತು. ಭಾನುವಾರ ಅಥವಾ ಸಂಜೆ ಇಡಿ ಅಂತ ನೀವೇ ಅರ್ಜಿ ಕೊಡಿ. ಬಾಡಿಗೆ ಮನೆ, ಓಟರ್ ಐಡಿ ಊರಲ್ಲಿದೆ ಅಂತ ಯಾರನ್ನೂ ಬಿಡುವ ಹಾಗಿಲ್ಲ. ಮಗು ಆ ಶಾಲೆಯಲ್ಲಿದ್ದರೆ ಸಾಕು. ನೋಟೀಸನ್ನು ಮಕ್ಕಳ ಡೈರಿಯಲ್ಲಿ ಬರೆಸಿ, ಓದಲು ಬಾರದವರಿಗೆ ಫೋನ್ ಮಾಡಿ ಹೇಳಿ.

ಪ್ರಶ್ನೆ (ಸುರತ್ಕಲ್‌ನ ಒಬ್ಬರು): ನಮ್ಮಲ್ಲಿ ಹಳೆ ವಿದ್ಯಾರ್ಥಿ ಸಂಘದವರು ಗೌರವ ಶಿಕ್ಷಕಿಯರ ಸಂಬಳ ಕೊಡ್ತಾರೆ, ಪೈಂಟ್ ಮಾಡಿಸಿದ್ದಾರೆ. ಹಾಗಂತ ತೀರ್ಮಾನವೂ ಅವರದ್ದೇ ಆಗಬೇಕಾ?

ಉತ್ತರ: ಕರಾವಳಿಯಲ್ಲಿ ಎಷ್ಟೋ ಸರಕಾರಿ ಶಾಲೆ ಉಳಿದದ್ದೇ ಇಂಥವರಿಂದ, ಅವರಿಗೆ ಗೌರವ ಸಲ್ಲಲೇಬೇಕು. ಆದರೆ ತೀರ್ಮಾನ ಸಮಿತಿಯದ್ದು. ಕೊಟ್ಟ ಹಣಕ್ಕೆ ರಸೀದಿ ಆಗಲಿ, ಲೆಕ್ಕವನ್ನು ಪಾಲಕರ ಸಭೆಯಲ್ಲಿ ಓದಲಿ. ಸರಕಾರದ ಅನುದಾನಕ್ಕೂ ಇದೇ ಮಾತು. ಸಮಗ್ರ ಶಿಕ್ಷಾ ಯೋಜನೆಯಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅಂತ ನಿಗದಿಯಿದೆ. ಅದು ಎಷ್ಟು ಬಂತು, ಎಲ್ಲಿಗೆ ಹೋಯ್ತು ಅಂತ ನೋಡುವುದು ಸಮಿತಿಯ ಕೆಲಸ ಅಂತ ಕಾಯ್ದೆಯಲ್ಲೇ ಇದೆ.

ಪ್ರಶ್ನೆ (ಉಡುಪಿಯಿಂದ): ನಮ್ಮದು ಅನುದಾನಿತ ಶಾಲೆ. ಇದೆಲ್ಲ ನಮಗೂ ಅನ್ವಯ ಆಗ್ತದಾ? ಮುಖ್ಯ ಶಿಕ್ಷಕರನ್ನು ಪಾಲಕರೇ ಆರಿಸಬಹುದಾ?

ಉತ್ತರ: ಸಮಿತಿ ನಿಮ್ಮಲ್ಲೂ ಇರಬೇಕು, ಆದರೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯ ನಂತರ ಅನುದಾನಿತ ಶಾಲೆಗಳಲ್ಲಿ ಅದು ಸಲಹೆ ಮಾತ್ರ ಕೊಡಬಹುದು. ಅನುದಾನ ಇಲ್ಲದ ಖಾಸಗಿ ಶಾಲೆಗೆ ಸಮಿತಿಯ ಆ 21ನೇ ಸೆಕ್ಷನ್ನೇ ಅನ್ವಯ ಆಗುವುದಿಲ್ಲ. ಮುಖ್ಯ ಶಿಕ್ಷಕರ ಆಯ್ಕೆ ನಮ್ಮಲ್ಲಿ ಎಲ್ಲೂ ಪಾಲಕರ ಕೈಯಲ್ಲಿಲ್ಲ. ಅಮೆರಿಕದ ಶಿಕಾಗೋದಲ್ಲಿ 1988ರ ಕಾನೂನಿನಿಂದ ಶಾಲೆಗೊಂದು ಚುನಾಯಿತ ಕೌನ್ಸಿಲ್ ಬಂತು, ಪ್ರಿನ್ಸಿಪಾಲರನ್ನು ನಾಲ್ಕು ವರ್ಷಕ್ಕೆ ಅದೇ ಆರಿಸುತ್ತದೆ. ನಮ್ಮಲ್ಲೂ ಕೇಳಬೇಕಾದ ಹಕ್ಕು ಅದು ಅಂತ ನನ್ನ ಅಭಿಪ್ರಾಯ. ಸದ್ಯಕ್ಕೆ ಸಲಹೆಯನ್ನಾದರೂ ಬರೆದು ಕೊಡಿ, ಒಂದು ಪ್ರತಿ ಬಿಇಒಗೆ ಹೋಗಲಿ.