ಜೋಳಿಗೆಗೆ ಬಿದ್ದ ಪುಸ್ತಕಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಶರಾವತಿ ದಂಡೆ, ಹೊನ್ನಾವರ ತಾಲ್ಲೂಕು:

ನಮ್ಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು ನಾನು. 2019ರಲ್ಲಿ ಗ್ರಾಮ ಗ್ರಂಥಾಲಯಗಳೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವಷ್ಟೆ. ಆಮೇಲೆ ನಮ್ಮಲ್ಲಿ ಫಲಕ ‘ಅರಿವು ಕೇಂದ್ರ’ ಎಂದಾಯಿತು, ಕಂಪ್ಯೂಟರ್ ಬಂತು, ಗೋಡೆಯ ಮೇಲೆ ಚಿತ್ರ ಬಂತು. ಕಪಾಟಿನೊಳಗಿನ ಸರಕು ಮಾತ್ರ ಹಳೆಯದೇ. ಮಕ್ಕಳನ್ನು ಓದಿಗೆ ಸೆಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಉಚಿತ ಸದಸ್ಯರಾದ ಮಕ್ಕಳು ಇರುವ ಕಥೆ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಹೊಸದು ಯಾವಾಗ ಬರುತ್ತದೆ ಎಂದು ನನ್ನ ತಲೆ ತಿನ್ನುತ್ತಾರೆ. ಅದಕ್ಕೇ ‘ಪುಸ್ತಕ ಜೋಳಿಗೆ’ ಹಿಡಿದು, ಪುಸ್ತಕ ದಾನ ಕೇಳುತ್ತ ಮನೆ ಮನೆ ಸುತ್ತಿದೆವು.

ಜನ ಧಾರಾಳವಾಗಿಯೇ ಕೊಟ್ಟರು. ಏನು ಕೊಟ್ಟರು ಎಂಬುದು ಚೀಲ ಸುರಿದಾಗ ಗೊತ್ತಾಯಿತು. ಎಂದೋ ಬದಲಾದ ಪಠ್ಯದ ಪಿಯುಸಿ ಗೈಡುಗಳು, ಹಾಲಿನ ಲೆಕ್ಕ ಬರೆದ ವಿಮಾ ಡೈರಿ, ಗೃಹಪ್ರವೇಶದಲ್ಲಿ ಹಂಚಿ ಮಿಕ್ಕ ಸ್ತೋತ್ರ ಪುಸ್ತಿಕೆಯ ಇಡೀ ಕಟ್ಟು, ಮೊದಲ ಸಂಪುಟವೇ ಇಲ್ಲದ ಇಂಗ್ಲಿಷ್ ವಿಶ್ವಕೋಶ. ತೀರ ಅಡಿಯಲ್ಲಿ ರಟ್ಟು ಕಳಚಿದ ನಾಲ್ಕಾರು ಯಕ್ಷಗಾನ ಪ್ರಸಂಗಗಳಿದ್ದವು. ಅಂಚಿನಲ್ಲಿ ಯಾರೋ ಭಾಗವತರು ಪೆನ್ಸಿಲಿನಲ್ಲಿ ತಾಳ ಗುರುತು ಹಾಕಿಕೊಂಡಿದ್ದಾರೆ, ಒಂದು ಪದ್ಯವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾರೆ. ಅದನ್ನು ನೋಡುತ್ತ ಆ ಮಧ್ಯಾಹ್ನ ಉಳಿದ ಕೆಲಸವೇ ಆಗಲಿಲ್ಲ.

ವಿಶ್ವಕೋಶ ಕೊಟ್ಟ ಹಿರಿಯರು ಪೇಪರ್ ಓದುವ ನೆಪದಲ್ಲಿ ಬಂದು, ತಮ್ಮ ಸಂಪುಟಗಳು ಎಲ್ಲಿವೆ ಎಂದು ಕಪಾಟಿನ ಮೇಲೆ ಕಣ್ಣಾಡಿಸುತ್ತಾರೆ. ಅವರ ಮನಸ್ಸು ನೋಯಿಸದೆ ಹೇಗೆ ಹೇಳುವುದು?

ಇನ್ನೊಂದು ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಮುಗಿದಿರುತ್ತದೆ. ಆ ಬಿಡುವಿನಲ್ಲಿ ವಾರಕ್ಕೊಂದು ಸಂಜೆ ಓದಿನ ಕೂಟ ನಡೆಸಬೇಕೆಂದಿದ್ದೇನೆ. ಪೇಪರ್ ಓದುವ ಗಂಡಸರನ್ನು ಬಿಟ್ಟು ಬೇರೆಯವರನ್ನು ಕರೆತರುವ ಉಪಾಯ ಬಲ್ಲವರು ತಿಳಿಸಿ.

ಸೋಂದೆ ಕಡೆಯವ, ಶಿರಸಿ:

ತಂಗಿ, ಕಾಲೇಜಿನ ಗ್ರಂಥಾಲಯದಲ್ಲಿದ್ದು ನಿವೃತ್ತನಾದವನು ನಾನು. ಮೊದಲು ಒಂದು ಮಾತು: ಆರಿಸುವ ಮುನ್ನ ಯಾವ ಪುಸ್ತಕಕ್ಕೂ ಮೊಹರು ಒತ್ತಬೇಡ, ವಹಿಯಲ್ಲಿ ನಂಬರು ಬರೆಯಬೇಡ. ವಹಿಗೆ ಏರಿದ್ದನ್ನು ಇಳಿಸಬೇಕೆಂದರೆ ಅನುಮತಿ, ಪಟ್ಟಿ, ಸಹಿ ಎಂದು ಅಲೆದಾಡಬೇಕು. ಇನ್ನು ಮುಂದೆ ಜೋಳಿಗೆ ಹಿಡಿದು ಹೋದಾಗ, ನಮಗೆ ಹೊಂದದ ಪುಸ್ತಕಗಳನ್ನು ಬೇರೆ ಕಡೆ ಕೊಡುತ್ತೇವೆ ಎಂದು ಬಾಗಿಲಲ್ಲೇ ಹೇಳಿಬಿಡು. ಬೇಸರವೇನಿದ್ದರೂ ಅಲ್ಲಿಯೇ ಮುಗಿಯುತ್ತದೆ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ಯಾರೂ ಮುಟ್ಟದ್ದು ಜಾಗ ತಿನ್ನುತ್ತದೆ, ಮಳೆಗಾಲದಲ್ಲಿ ಪಕ್ಕದ ಪುಸ್ತಕಕ್ಕೂ ಬೂಷ್ಟು ಅಂಟಿಸುತ್ತದೆ. ಗಾಳಿಯ ತೇವಾಂಶ ಬಹಳ ಹೊತ್ತು ಶೇ 65-70 ದಾಟಿ ನಿಂತರೆ ಬೂಷ್ಟಿಗೆ ಅಷ್ಟು ಸಾಕು. ಆಷಾಢದಲ್ಲಿ ನಮ್ಮ ಜಿಲ್ಲೆಯ ಸ್ಥಿತಿ ಹೇಳಬೇಕಾಗಿಲ್ಲ. ಚೀಲದಲ್ಲಿ ಕಟ್ಟಿಡಬೇಡ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ತಂದಿಡು. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕದೆ ಫ್ಯಾನಿನ ಗಾಳಿಗೆ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಮೆತ್ತಗಿನ ಬ್ರಷ್‌ನಿಂದ ಒರೆಸು. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ.

ಆ ಪ್ರಸಂಗಗಳನ್ನು ಯಾರಿಗೂ ಮನೆಗೆ ಕೊಡಬೇಡ. ಪುಟಗಳ ಫೋಟೊ ತೆಗೆದಿಡು.

ಪರೀಕ್ಷಾರ್ಥಿ, ಕುಮಟಾ:

ಮೇಡಂ, ಗೈಡು ಎಂದ ಕೂಡಲೇ ರದ್ದಿಗೆ ಹಾಕಬೇಡಿ. ನನ್ನಂಥವರು ಗ್ರಂಥಾಲಯಕ್ಕೆ ಬರುವುದೇ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗಾಗಿ. ಹಳೆಯದೋ ಹೊಸದೋ ನೋಡುವ ಸುಲಭ ಉಪಾಯ ಹೇಳುತ್ತೇನೆ: ಕರ್ನಾಟಕದಲ್ಲಿ 30 ಜಿಲ್ಲೆ ಎಂದಿದ್ದರೆ ಆ ಸಾಮಾನ್ಯ ಜ್ಞಾನ ಪುಸ್ತಕದ ಕಾಲ ಮುಗಿಯಿತು. ವಿಜಯನಗರ ಸೇರಿ 31 ಆದದ್ದು 2021ರಲ್ಲಿ. ಗಣಿತ, ವ್ಯಾಕರಣ, ಇತಿಹಾಸದ ಪುಸ್ತಕಗಳಿಗೆ ವಯಸ್ಸಾಗುವುದಿಲ್ಲ, ಇಟ್ಟುಕೊಳ್ಳಿ.

ಬೈತಖೋಲದ ಓದುಗಿ, ಕಾರವಾರ:

ಅಕ್ಕ, ಸಂಜೆ ಕೂಟ ಇಟ್ಟರೆ ಹೆಂಗಸರು ಬರುವುದು ಕನಸಿನ ಮಾತು. ಆ ಹೊತ್ತಿಗೆ ಅಡುಗೆ ಯಾರು ಮಾಡುತ್ತಾರೆ? ಮಧ್ಯಾಹ್ನ ಊಟವಾದ ಮೇಲೆ ಇಡಿ. ಇನ್ನೂ ಒಳ್ಳೆಯದೆಂದರೆ ನೀವೇ ಹೋಗಿ. ಬೋಟು ಕಟ್ಟಿದ ದಿನಗಳಲ್ಲಿ ಶೆಡ್ಡಿನಲ್ಲಿ ಕುಳಿತು ಬಲೆ ಸರಿಮಾಡುತ್ತಾರಲ್ಲ, ಅವರ ಕೈಗೆ ಕೆಲಸ, ಕಿವಿಗೆ ಬಿಡುವು. ಗಟ್ಟಿಯಾಗಿ ಓದಿ. ಕಥೆ ಬಿಸಿಯೇರಿದಲ್ಲಿ ನಿಲ್ಲಿಸಿ, ಉಳಿದದ್ದು ಗ್ರಂಥಾಲಯದಲ್ಲಿದೆ ಎನ್ನಿ. ನಮ್ಮ ಕಡೆ ಮನೆಯಲ್ಲಿ ಕೊಂಕಣಿ ಮಾತನಾಡುವವರೇ ಹೆಚ್ಚು, ಆದರೂ ಕನ್ನಡದ ಕಥೆಗೆ ಕಿವಿಗೊಟ್ಟು ಕೂರುತ್ತಾರೆ. ಮಧ್ಯೆ ಅರ್ಥ ಹೇಳಲು ಹೋಗಬೇಡಿ, ಅವರವರೇ ಹೇಳಿಕೊಳ್ಳುತ್ತಾರೆ.

ಸ್ವಾಗತ ಭಾಷಣ, ಶಾಲು, ವೇದಿಕೆ ಇದಾವುದೂ ಬೇಡ. ಶಾಲು ಕಂಡರೆ ಜನ ಹಿಂದಿನ ಸಾಲಿಗೆ ಹೋಗಿ ಕೂರುತ್ತಾರೆ.

ಶರಾವತಿ ದಂಡೆ:

ಸೋಂದೆಯ ಅಣ್ಣನವರ ಮಾತಿಗೆ ನಮಸ್ಕಾರ. ಮೊಹರಿನ ಡಬ್ಬಿ ಸದ್ಯಕ್ಕೆ ಮೇಜಿನ ಖಾನೆ ಸೇರಿತು. ಪರೀಕ್ಷಾರ್ಥಿಯ ಜಿಲ್ಲೆಯ ಲೆಕ್ಕ ಹಿಡಿದು ನೋಡಿದೆ, ಒಂದು ಇಡೀ ಸಾಲು ಖಾಲಿಯಾಯಿತು. ವಿಶ್ವಕೋಶದಲ್ಲಿ ಪ್ರಾಣಿ, ಹಡಗುಗಳ ಚಿತ್ರವಿರುವ ಸಂಪುಟಗಳನ್ನು ಮಕ್ಕಳ ಮೇಜಿಗೆ ಹಾಕುತ್ತೇನೆ. ಹಿರಿಯರಿಗೆ ಅಲ್ಲಿ ಕುಳಿತು ಚಿತ್ರ ವಿವರಿಸುವ ಕೆಲಸ ವಹಿಸಿದ್ದೇನೆ, ಇಲ್ಲ ಎನ್ನಲಿಲ್ಲ. ಉಳಿದ ಸಂಪುಟಗಳ ವಿಚಾರ ಇನ್ನೂ ಎತ್ತಿಲ್ಲ.

ರಂಗನಾಥನ್ ಅವರ ಜನ್ಮದಿನ ಆಗಸ್ಟ್ 12ಕ್ಕೆ ಪ್ರಸಂಗ ಓದಿಸೋಣ ಎಂಬ ಆಸೆಯಿತ್ತು. ಅಷ್ಟರಲ್ಲಿ ಬೋಟುಗಳು ಕಡಲಿಗೆ ಇಳಿದಿರುತ್ತವೆ, ಆದ್ದರಿಂದ ಜುಲೈಯಲ್ಲೇ, ಬಲೆ ಶೆಡ್ಡಿನಲ್ಲೇ. ಓದುವವರು ಯಾರು ಎಂಬುದು ಬಾಕಿ. ಶೆಡ್ಡಿಗೆ ತಗಡಿನ ಮಾಡು, ಮಳೆ ಹೊಡೆದರೆ ನನ್ನ ದನಿ ಪಕ್ಕದವರಿಗೂ ಕೇಳುವುದಿಲ್ಲ. ವೇಷ, ಕುಣಿತವಿಲ್ಲದೆ ಕುಳಿತೇ ಪ್ರಸಂಗ ನಡೆಸುವ ತಾಳಮದ್ದಲೆಯಲ್ಲಿ ಅರ್ಥ ಹೇಳುವ ಒಬ್ಬ ಮೇಷ್ಟರಿದ್ದಾರೆ, ಮೈಕಿಲ್ಲದೆ ಆಚೆ ಕೇರಿಗೂ ಕೇಳಿಸುತ್ತಾರೆ. ಕೇಳಿ ನೋಡುತ್ತೇನೆ. ಹಿಡಿದರೆ ಬಿಡುವ ಜನವಲ್ಲ, ಅದೊಂದೇ ಭಯ.