ಆವತಿಹಳ್ಳಿ ಸ್ಟೇಷನ್ನಿನ ಹಳೇ ದಾಖಲೆ ಎಲ್ಲಿ ಸಿಗುತ್ತೆ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ಯಲಹಂಕ-ಚಿಕ್ಕಬಳ್ಳಾಪುರ ಲೈನಲ್ಲಿ ದೇವನಹಳ್ಳಿ ದಾಟಿದ್ಮೇಲೆ ಬರೋ ಆವತಿಹಳ್ಳಿ ಸ್ಟೇಷನ್ ಗೊತ್ತಿರೋರು ಇದೀರಾ? ನಮ್ಮ ತಾತ ಅಲ್ಲಿ ಪಾಯಿಂಟ್ಸ್‌ಮ್ಯಾನ್ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗೋ ಹಾಗೆ ಹಳಿ ಬದಲಾಯಿಸೋರು) ಆಗಿದ್ರು, ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಇದ್ದ ಕಾಲ ಅದು, ಸ್ವಾತಂತ್ರ್ಯ ಬಂದ ಸುಮಾರಿಗೆ ಕೆಲಸಕ್ಕೆ ಸೇರಿದ್ರಂತೆ. ಅವರ ಟ್ರಂಕಲ್ಲಿ ಒಂದು ದಪ್ಪ ರಟ್ಟಿನ ಟಿಕೆಟ್ ಸಿಕ್ತು, ಮೂಲೇಲಿ ಪಂಚ್ ಮಾಡಿದ ತೂತು ಹಂಗೇ ಇದೆ, ಆದ್ರೆ ತಾರೀಖು ಪೂರ್ತಿ ಅಳಿಸೋಗಿದೆ. ಅಜ್ಜಿಗೆ ಈಗ ನೆನಪು ಕಮ್ಮಿ, ಅವರು ಇರೋವಾಗ್ಲೇ ಇದನ್ನೆಲ್ಲ ಬರೆದಿಡ್ಬೇಕು ಅಂತ ನಂಗೆ ತುಂಬಾ ಆಸೆ.

ಸ್ಟೇಷನ್ನಿಗೆ ಹೋಗಿ ಬಂದೆ, ಊರಿನ ಹಿರಿಯರನ್ನ ಕೇಳ್ದೆ, ಒಂದು ಆಫೀಸಿಗೆ ಅರ್ಜೀನೂ ಕೊಟ್ಟೆ, ನಮ್ಮತ್ರ ಇಲ್ಲ ಅಂದ್ರು. ನಾನು ಸಿಕ್ಕಾಕೊಂಡಿರೋದು ಇಲ್ಲಿ: ಮೊದ್ಲು ಆ ಲೈನು ಮೈಸೂರು ಸ್ಟೇಟ್ ರೈಲ್ವೆದು, 1951ರಲ್ಲಿ ಚೆನ್ನೈ ಕೇಂದ್ರ ಆಗಿರೋ ಸದರ್ನ್ ರೈಲ್ವೆಗೆ ಸೇರ್ತು, 2003ರಿಂದ ಹುಬ್ಬಳ್ಳಿ ಕೇಂದ್ರ ಆಗಿರೋ ನೈಋತ್ಯ ರೈಲ್ವೆ. ಹಂಗಾದ್ರೆ 1951ಕ್ಕಿಂತ ಹಿಂದಿನ ನೌಕರರ ರಿಜಿಸ್ಟರು, ಟೈಮ್‌ಟೇಬಲ್ಲು ಚೆನ್ನೈಗೆ ಹೋದ್ವಾ, ಹುಬ್ಬಳ್ಳಿಗಾ, ಇಲ್ಲಾ ಬೆಂಗಳೂರಲ್ಲಿರೋ ರಾಜ್ಯ ಪತ್ರಾಗಾರದಲ್ಲೇ ಉಳಿದ್ವಾ?

ಇಂಥದ್ದನ್ನ ಹುಡುಕಿ ಪಡ್ಕೊಂಡೋರು ಯಾರಾದ್ರೂ ಇದ್ರೆ, ಮೊದ್ಲು ಯಾವ ಕಡೆ ಹೋಗ್ಬೇಕು, ಅರ್ಜೀಲಿ ಏನಂತ ಬರೀಬೇಕು, ದಯವಿಟ್ಟು ಹೇಳ್ತೀರಾ?