ಸೋಯಾಸ್ ಆಬ್ಸೆಸ್‌ಗೆ ಕನ್ನಡದಲ್ಲಿ ಏನನ್ನೋಣ? (ಇಂದು ಸಂಜೆಯೊಳಗೆ)

ಅನುವಾದಕಿ: ರೋಗಿಗಳಿಗೆ ಕೊಡುವ ಮಾಹಿತಿ ಹಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸೋಯಾಸ್ ಆಬ್ಸೆಸ್ (ಸೋಯಾಸ್ ಎಂಬ ಸ್ನಾಯುವಿನಲ್ಲಿ ಕೀವು ಕಟ್ಟುವುದು) = "ಸೊಂಟದ ಕುರು", ಕೋಲ್ಡ್ ಆಬ್ಸೆಸ್ (ಕ್ಷಯದಿಂದ ಕಟ್ಟುವ ಕೀವು) = "ಶೀತ ಕುರು" ಎಂದಿದೆ. ನಡೆಯುತ್ತದೆಯೇ?

ಕೀಲುವೈದ್ಯ: ಎರಡೂ ನಡೆಯದು. ಕುರು ಚರ್ಮದ ಮೇಲಿನದು. ಓದಿದವರು ಶಾಖ ಕೊಟ್ಟು ಒಡೆಯಲೆಂದು ಕಾಯುತ್ತಾರೆ. ಸೊಂಟವೆಂದರೆ ಹೆಚ್ಚಿನವರಿಗೆ ಬೆನ್ನಿನ ಕೆಳಭಾಗ. ಸೋಯಾಸ್ ಸ್ನಾಯು ಇರುವುದು ಹೊಟ್ಟೆಯ ಹಿಂಗೋಡೆಯಲ್ಲಿ. ಬೆನ್ನೆಲುಬಿನ ಪಕ್ಕದಿಂದ ಹೊರಟು, ತೊಡೆಸಂದಿನಲ್ಲಿ ನುಸುಳಿ, ತೊಡೆಮೂಳೆಯ ಒಳಮಗ್ಗುಲಿಗೆ ಅಂಟುತ್ತದೆ. ಕೀವೂ ಅದೇ ಜಾಡಿನಲ್ಲಿ ಇಳಿದು ತೊಡೆಸಂದಿನಲ್ಲಿ ಉಬ್ಬುತ್ತದೆ. ಹರ್ನಿಯಾ ಎಂದು ಮೋಸಹೋಗುವುದು ಅಲ್ಲೇ. ಇನ್ನು ಶೀತವೆಂದರೆ ಜನಕ್ಕೆ ನೆಗಡಿ! ಕ್ಷಯದ ಕೀವಿಗೆ ಬಿಸಿ, ಕೆಂಪು ಇರುವುದಿಲ್ಲ. "ತಣ್ಣನೆಯ ಕೀವು" ಸಾಕು.

ತತ್ಸಮಪ್ರಿಯ: ಕಟಿಲಂಬಿನೀ ವಿದ್ರಧಿ. ಸಿದ್ಧಪದವಿರುವಾಗ ಹುಡುಕಾಟವೇಕೆ? "ಸ್ನಾಯು" ಕೂಡ ತಪ್ಪು. ಆಯುರ್ವೇದದಲ್ಲಿ ಅದು ಕಟ್ಟುನಾರು. ಪೇಶಿ ಎನ್ನಿ.

ಅಚ್ಚಗನ್ನಡ: ವಿದ್ರಧಿಯನ್ನು ರೋಗಿ ಯಾರ ಹತ್ತಿರ ಓದಿಸಿಕೊಳ್ಳಬೇಕು? ಕೀವು ನಮ್ಮದೇ ಪದ. ಕಿವಿಗೆ ತಮಿಳಿನಲ್ಲಿ ಚೆವಿ ಇದ್ದಂತೆ ಕೀವಿಗೆ ಚೀ, ಚೀಳ್. ಒಳ + ಕೀವು = ಒಳಗೀವು. ಸ್ನಾಯುವಿಗೆ ಕಂಡ. "ನಡುಗಂಡದ ಒಳಗೀವು".

ತತ್ಸಮಪ್ರಿಯ: ಕಂಡ ಎಂಬುದು ಖಂಡದ ತದ್ಭವ. ಮಹಾಪ್ರಾಣ ಕಿತ್ತ ಮಾತ್ರಕ್ಕೆ ಅಚ್ಚಗನ್ನಡವಾಯಿತೇ? ನಿಮ್ಮ ನಡುಗಂಡ ಮೂವರು ಗಂಡಂದಿರಲ್ಲಿ ಎರಡನೆಯವನಂತೆ ಕೇಳುತ್ತದೆ.

ಅನುವಾದಕಿ: ಸಂಜೆಯೊಳಗೆ ಎಂದಿದ್ದೆ. ಮುಂದಿನ ಸಾಲು: "ಮಾತ್ರೆಯಿಂದ ಕುರು ಕರಗುತ್ತದೆ."

ಕೀಲುವೈದ್ಯ: ಪದಕ್ಕಿಂತ ಈ ಸಾಲು ಅಪಾಯ. ಸುಮಾರು 3 ಸೆಂ.ಮೀ.ಗಿಂತ ಚಿಕ್ಕದಾದರೆ ಆ್ಯಂಟಿಬಯೋಟಿಕ್ ಒಂದರಲ್ಲೇ ಇಳಿಯಬಹುದು, ಅದೂ ಮೊದಮೊದಲು ರಕ್ತನಾಳದ ಮೂಲಕ. ದೊಡ್ಡದಾದರೆ ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿ, ಕೊಳವೆ ಬಿಟ್ಟು ಬಸಿಯಲೇಬೇಕು. "ಬಸಿ" ಎನ್ನಿ, ಅನ್ನ ಬಸಿದು ಗೊತ್ತಿರುವವರಿಗೆ ಬೇರೆ ವಿವರಣೆ ಬೇಡ. ಮದ್ದಿನ ಮೊದಲ ಡೋಸ್‌ಗೆ ಮುಂಚೆ ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ತೆಗೆಯಬೇಕು. ಆಮೇಲೆ ತೆಗೆದರೆ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಬಸಿದ ಕೀವನ್ನು ಕಲ್ಚರ್‌ಗೂ ಕ್ಷಯ ಪತ್ತೆಯ ಸಿಬಿನ್ಯಾಟ್ ಪರೀಕ್ಷೆಗೂ ಕಳಿಸಬೇಕು. ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಆದರೆ ಕ್ಲೋಕ್ಸಾಸಿಲಿನ್ ಅಥವಾ ಸೆಫಜೋಲಿನ್, ಅದಕ್ಕೆ ಬಗ್ಗದಿದ್ದರೆ ವ್ಯಾಂಕೊಮೈಸಿನ್. ಒಟ್ಟು 3ರಿಂದ 6 ವಾರ. ಕ್ಷಯವಾದರೆ ತಿಂಗಳುಗಟ್ಟಲೆ. "ಜ್ವರ ಬಿಟ್ಟಿತೆಂದು ಮದ್ದು ಬಿಡಬೇಡಿ" ಎಂದು ದಪ್ಪಕ್ಷರದಲ್ಲಿ ಹಾಕಿ.

ಲಕ್ಷಣದ ಸಾಲಿಗೆ: ಜ್ವರ, ಕುಂಟು, ಕಾಲು ಮಡಚಿಯೇ ಮಲಗುವುದು, ಮಗ್ಗುಲಾಗಿ ತೊಡೆ ಹಿಂದಕ್ಕೆಳೆದರೆ ನೋವು. ಮಡಚಿದ ಕಾಲನ್ನು ತಿರುಗಿಸಿದರೂ ಜೋರು ನೋವಿದ್ದರೆ ಕೀಲಿನಲ್ಲೇ ಕೀವಿದೆಯೋ ಎಂದು ಮೊದಲು ನೋಡಬೇಕು.

ಅನುವಾದಕಿ: "ಬೆನ್ನೆಲುಬಿನಿಂದ ತೊಡೆಗಿಳಿಯುವ ಸ್ನಾಯುವಿನ ಒಳಗೀವು – ಸೋಯಾಸ್ ಆಬ್ಸೆಸ್". ಹೀಗೇ ಕಳಿಸುತ್ತಿದ್ದೇನೆ.

ಅಚ್ಚಗನ್ನಡ: ಒಳಗೀವು ಬಂದಮೇಲೂ ಆಬ್ಸೆಸ್ ಏಕೆ?

ಕೀಲುವೈದ್ಯ: ಸ್ಕ್ಯಾನ್ ವರದಿಯಲ್ಲಿ ಅದೇ ಇರುತ್ತದೆ, ಅದಕ್ಕೆ.